ಹ್ಯೂಮ್ ಪೈಪಿನೊಳಗಿನ ಕಾಯಂ ವಿಳಾಸ

ಕಲಬುರಗಿಯಲ್ಲಿ ಈ ವರ್ಷದ ದಾಖಲಾತಿ ಜಾಥಾ ಬಿಸಿಲೇರುವ ಮೊದಲೇ ಸುಸೂತ್ರವಾಗಿ ಮುಗಿದುದನ್ನು ತಾವೆಲ್ಲ ಓದಿದ್ದೀರಿ. ‘ಒಂದು ಮಗುವೂ ಶಾಲೆಯಿಂದ ಹೊರಗುಳಿಯಬಾರದು’ ಎಂಬ ಬ್ಯಾನರ್ ಮಾತ್ರ ಮನೆಗೆ ಹೋಗಲಿಲ್ಲ. ರೈಲು ನಿಲ್ದಾಣದ ಹಾದಿಯಲ್ಲಿ ಬೀಡುಬಿಟ್ಟಿರುವ, ಯಾದಗಿರಿ ಕಡೆಯ ಕೂಲಿ ಸಂಸಾರವೊಂದಕ್ಕೆ ಅದು ನೆರಳಾಯಿತು. ಸರ್ಕಾರದ ಯೋಜನೆಯೊಂದು ಮಧ್ಯವರ್ತಿಗಳಿಲ್ಲದೆ ಫಲಾನುಭವಿಯನ್ನು ಮುಟ್ಟಿದ ಅಪರೂಪದ ಪ್ರಸಂಗವಿದು.

ಆ ತಾಯಿ ಒಂಬತ್ತು ವರ್ಷದ ಮಗನನ್ನು ಶಾಲೆಯೊಂದಕ್ಕೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಹುಡುಗ ತಲೆಗೆ ನೀರು ಹಚ್ಚಿ ಬೈತಲೆ ತೆಗೆಸಿಕೊಂಡಿದ್ದ. ಆಧಾರ್ ಇಲ್ಲ, ಜನನ ಪ್ರಮಾಣಪತ್ರವಿಲ್ಲ, ಟಿ.ಸಿ. ಇಲ್ಲ ಎಂದು ಟಿಕ್ ಹಾಕುತ್ತ ಬಂದ ಪೆನ್ನು ‘ಕಾಯಂ ವಿಳಾಸ’ದ ಬಳಿ ನಿಂತಿತು. ‘ಕಾಯಂ ಅಂದ್ರ ಎಷ್ಟ್ ದಿನ್ರೀ ಸರ?’ ಎಂದು ಆಕೆ ಕೇಳಿದಳು.

ವಿಳಾಸವಿಲ್ಲದವರನ್ನು ಹುಡುಕಲು ಸರ್ಕಾರಕ್ಕೆ ಬಾರದೆಂದು ಯಾರೂ ಭಾವಿಸಬಾರದು. 2011ರ ಜನಗಣತಿಯಲ್ಲಿ ಗಣತಿದಾರರು ಫೆಬ್ರವರಿ 28ರ ರಾತ್ರಿ ಹೊರಟು, ಫುಟ್‌ಪಾತ್, ಫ್ಲೈಓವರಿನ ಅಡಿ, ಮೆಟ್ಟಿಲ ಕೆಳಗು, ರೈಲ್ವೆ ಪ್ಲಾಟ್‌ಫಾರ್ಮ್, ಗುಡಿಯ ಮಂಟಪಗಳಲ್ಲೆಲ್ಲ ತಡಕಿ, ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮನೆಯಿಲ್ಲದವರನ್ನು ಲೆಕ್ಕ ಹಿಡಿದರು. ಗಣತಿಯ ವ್ಯಾಖ್ಯೆಯಲ್ಲಿ ಹ್ಯೂಮ್ ಪೈಪಿನ ಹೆಸರೂ ಇದೆ. ಚರಂಡಿಗೆಂದು ತಂದು ರಸ್ತೆ ಬದಿ ಉರುಳಿಸಿಟ್ಟು ಮರೆತ ಪೈಪಿನೊಳಗೆ ಬಗ್ಗಿ ನೋಡಿ ಮಗುವನ್ನು ಎಣಿಸಬಲ್ಲ ವ್ಯವಸ್ಥೆಗೆ, ಅದೇ ಮಗು ಹಗಲು ಹೊತ್ತು ತಾನಾಗಿ ನಡೆದು ಬಂದು ಮೇಜಿನೆದುರು ನಿಂತರೆ ಕಾಣಿಸದಿರುವುದು ದೃಷ್ಟಿದೋಷವಲ್ಲ, ಶಿಸ್ತು.

ವ್ಯಂಗ್ಯ ಸಾಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ನಿನಲ್ಲೂ, ಟಿ.ಸಿ. ತಡವಾಯಿತೆಂದು ಬಾಗಿಲು ಹಾಕುವಂತಿಲ್ಲ ಎಂದು 5ನೇ ಸೆಕ್ಷನ್ನಿನಲ್ಲೂ ಹೇಳುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದವನನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಿ ಎನ್ನುತ್ತದೆ 4ನೆಯದು. ಆಧಾರ್ ಇಲ್ಲವೆಂದು ಪ್ರವೇಶ ತಪ್ಪಿಸಬೇಡಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಇಷ್ಟನ್ನೂ ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಬಾಯಿಪಾಠ ಒಪ್ಪಿಸಬೇಕಾಗಿ ಬರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಮುಖ್ಯ ಗುರುಗಳು ಕೆಟ್ಟವರಲ್ಲ. ಹುಡುಗನಿಗೆ ನೀರು ಕೊಡಿಸಿದರು, ಕಂಪ್ಯೂಟರಿನಲ್ಲಿ ಖಾಲಿ ಬಿಟ್ಟರೆ ನಮೂನೆ ಮುಂದಕ್ಕೆ ಹೋಗುವುದಿಲ್ಲ ಎಂದು ಬೆವರು ಒರೆಸಿಕೊಂಡರು. ಹಾಗಾದರೆ ‘ಒಂದು ಮಗುವೂ ಶಾಲೆಯಿಂದ ಹೊರಗುಳಿಯಬಾರದು ಎಂಬ ಬ್ಯಾನರಿನ ಕೆಳಗೆ, ಎಡಗಡೆ’ ಎಂದು ಬರೆಯಿರಿ ಎಂದೆ. ಅವರು ಬಹಳ ಹೊತ್ತು ಯೋಚಿಸಿ ಪಿನ್ ಕೋಡ್ ಕೇಳಿದರು.