ಕಿರುಚಿತ್ರದ ಮೊದಲ ಎರಡು ನಿಮಿಷ ಯಾರಿಗಾಗಿ?

ಕಾಲೇಜುಗಳಲ್ಲಿ ಈಗ ಕಿರುಚಿತ್ರಗಳ ಸುಗ್ಗಿ. ಪತ್ರಿಕೋದ್ಯಮ, ವಿಷುವಲ್ ಕಮ್ಯುನಿಕೇಶನ್ ಓದುವ ಮಕ್ಕಳು ಪ್ರಾಜೆಕ್ಟ್ ಮುಗಿಸುವ ಗಡಿಬಿಡಿಯಲ್ಲಿದ್ದಾರೆ, ನನಗೂ ಲಿಂಕ್‌ಗಳು ಬರುತ್ತಿವೆ. ಎಲ್ಲವನ್ನೂ ಪೂರ್ತಿ ನೋಡುತ್ತೇನೆ. ನೋಡುತ್ತಾ ನೋಡುತ್ತಾ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಈ ಮಕ್ಕಳ ಹತ್ತಿರ ಕಥೆಗೆ ಬರವಿಲ್ಲ, ಚೆನ್ನಾಗಿ ನಟಿಸುವವರಿಗೂ ಬರವಿಲ್ಲ. ಆದರೆ ಚಿತ್ರದ ಮೊದಲ ಎರಡು ನಿಮಿಷವನ್ನು ಯಾರು ನೋಡುತ್ತಾರೆ, ನೋಡುವಾಗ ಅವರಿಗೆ ಏನು ಗೊತ್ತಿರುತ್ತದೆ ಅನ್ನುವುದನ್ನು ಶೂಟಿಂಗ್‌ಗೆ ಹೋಗುವ ಮೊದಲು ಕೂತು ಯೋಚಿಸುವವರು ಬಹಳ ಕಡಿಮೆ.

ಹೆಚ್ಚಿನ ಚಿತ್ರಗಳು ಶುರುವಾಗುವುದು ಹೀಗೆ. ಕಾಲೇಜಿನ ಲೋಗೊ, ವಿಭಾಗದ ಲೋಗೊ, ತಂಡದ ಲೋಗೊ. ಆಮೇಲೆ ಕೃತಜ್ಞತೆಗಳ ಪಟ್ಟಿ: ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಮನೆ ಬಿಟ್ಟುಕೊಟ್ಟ ಅಂಕಲ್. ಪರದೆ ಬೆಳಗಾದರೆ ಅಲಾರಂ. ಒಂದು ಕೈ ಬಂದು ಅದನ್ನು ಆರಿಸುತ್ತದೆ. ಹಲ್ಲುಜ್ಜುವುದು, ಅಮ್ಮ ಕಾಫಿ ಕೊಡುವುದು, ಶೂ ಲೇಸ್ ಕಟ್ಟುವುದು, ಊರಿನ ಮೇಲೊಂದು ಡ್ರೋನ್ ಶಾಟ್. ಅಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ. ಕಥೆಯ ಮನುಷ್ಯ ಎದ್ದಿದ್ದಾನೆ ಅನ್ನುವುದು ಬಿಟ್ಟರೆ ನಮಗೆ ಬೇರೇನೂ ತಿಳಿದಿಲ್ಲ.

ಇದು ಸೋಮಾರಿತನ ಅಲ್ಲ. ಆ ಅಲಾರಂ ಶಾಟ್‌ಗೆ ಮಕ್ಕಳು ಅರ್ಧ ದಿನ ಬೆವರು ಸುರಿಸಿರುತ್ತಾರೆ. ಸಮಸ್ಯೆ ಇರುವುದು ಯೋಜನೆಯಲ್ಲಿ. ಪಾತ್ರದ ದಿನ ಎಲ್ಲಿ ಶುರುವಾಗುತ್ತದೋ ಅಲ್ಲಿಂದಲೇ ಬರೆಯುತ್ತಾ ಹೋಗಿದ್ದಾರೆ. ನೋಡುವವನ ಕುತೂಹಲ ಎಲ್ಲಿ ಶುರುವಾಗುತ್ತದೆ ಅಂತ ಕೇಳಿಕೊಂಡಿಲ್ಲ.

ಒಂದು ತಂಡ ತೋರಿಸಿದ ಚಿತ್ರದ ವಿಷಯ ಹೇಳುತ್ತೇನೆ. ಹಳ್ಳಿಯಿಂದ ಬಸ್ಸಲ್ಲಿ ಪಟ್ಟಣದ ಕಾಲೇಜಿಗೆ ಹೋಗುವ ಹುಡುಗಿ. ನಿಜ ಏನೆಂದರೆ ಅವಳು ಕಾಲೇಜು ಬಿಟ್ಟು ತಿಂಗಳುಗಳೇ ಆಗಿವೆ, ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಮನೆಯವರಿಗೆ ಹೇಳಿಲ್ಲ. ಎಷ್ಟು ಒಳ್ಳೆಯ ವಸ್ತು! ಚಿತ್ರ ಶುರುವಾಗಿದ್ದು ಮಾತ್ರ ಅದೇ ಅಲಾರಂನಿಂದ. ಅವಳು ಬಸ್ಸಿನ ಕಿಟಕಿ ಪಕ್ಕ ಕೂತು, ಕೊರಳಲ್ಲಿದ್ದ ಕಾಲೇಜಿನ ಐಡಿ ಕಾರ್ಡ್ ತೆಗೆದು, ಸುತ್ತಿ ಬ್ಯಾಗಿನ ತಳಕ್ಕೆ ಹಾಕುವ ಶಾಟ್ ಒಂದಿತ್ತು. ಅದು ಮೂರನೇ ನಿಮಿಷದಲ್ಲಿ, ದೂರದಿಂದ ತೆಗೆದದ್ದು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಇಡೀ ಚಿತ್ರದ ಬಾಗಿಲು ಅದೇ. ಕಾಲೇಜಿಗೆ ಹೊರಟವಳು ಕಾಲೇಜು ಬರುವ ಮೊದಲೇ ಕಾರ್ಡ್ ಯಾಕೆ ಬಿಚ್ಚಿಟ್ಟಳು? ಈ ಪ್ರಶ್ನೆ ಹುಟ್ಟಿದ ಮೇಲೆ ಯಾರೂ ಎದ್ದು ಹೋಗುವುದಿಲ್ಲ. ಅವರು ಎಡಿಟಿಂಗ್‌ನಲ್ಲಿ ಅದನ್ನು ಮೊದಲಿಗೆ ತಂದರು, ಚಿತ್ರಕ್ಕೆ ಜೀವ ಬಂತು. ಆದರೆ ಹತ್ತಿರದಿಂದ ತೆಗೆದ ಶಾಟ್ ಅವರ ಹತ್ತಿರ ಇರಲೇ ಇಲ್ಲ. ಬಾಡಿಗೆಗೆ ತಂದ ಬಸ್ಸು ವಾಪಸ್ ಹೋಗಿಯಾಗಿತ್ತು.

ಅದಕ್ಕೇ ನಾನು ಸ್ಟೋರಿಬೋರ್ಡ್‌ಗಿಂತ (ಒಂದೊಂದು ಶಾಟ್ ಹೇಗಿರಬೇಕು ಅಂತ ಬರೆದಿಟ್ಟುಕೊಳ್ಳುವ ಚಿತ್ರಗಳು) ಮೊದಲು ಒಂದು ಹಾಳೆ ಬರೆಯಿರಿ ಅನ್ನುತ್ತೇನೆ. ಎರಡನೇ ನಿಮಿಷ ಮುಗಿಯುವಾಗ ನೋಡುವವರಿಗೆ ಏನು ಗೊತ್ತಾಗಿರಬೇಕು, ಏನು ಗೊತ್ತಾಗಿರಬಾರದು, ಅವರ ಮನಸ್ಸಲ್ಲಿ ಯಾವ ಪ್ರಶ್ನೆ ಇರಬೇಕು. ಇಷ್ಟೇ. ಇದನ್ನು ಬರೆದ ಮೇಲೆ ಶಾಟ್ ಲಿಸ್ಟ್ ತಾನಾಗಿಯೇ ಚಿಕ್ಕದಾಗುತ್ತದೆ. ಆಮೇಲೆ ಲೊಕೇಶನ್‌ಗೆ ಹೋಗಿ ಗೆಳೆಯರನ್ನೇ ನಿಲ್ಲಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆದು, ಅವನ್ನು ಎಡಿಟಿಂಗ್ ಆ್ಯಪ್‌ನ ಟೈಮ್‌ಲೈನ್ ಮೇಲೆ ಜೋಡಿಸಿ, ಮಾತುಗಳನ್ನು ನೀವೇ ಓದಿ ರೆಕಾರ್ಡ್ ಮಾಡಿ ಓಡಿಸಿ ನೋಡಿ. ಖರ್ಚು ಒಂದು ಮಧ್ಯಾಹ್ನ. ಯಾವ ಕ್ಲೋಸಪ್ ಬೇಕು, ಯಾವ ಶಾಟ್ ಬೇಡ ಅನ್ನುವುದು ಬಸ್ಸು ಬಾಡಿಗೆಗೆ ತರುವ ಮೊದಲೇ ತಿಳಿಯುತ್ತದೆ.

ಒಳ್ಳೆಯ ಆರಂಭಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ರಾಮ್ ರೆಡ್ಡಿಯವರ ‘ತಿಥಿ’ ನೆನಪಿಸಿಕೊಳ್ಳಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ, ಮಂಡ್ಯ ಸೀಮೆಯ ಹಳ್ಳಿಯ ಚಿತ್ರ. ಮುದುಕ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಾನೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಊರು ಯಾವುದು, ಜನ ಎಂಥವರು, ಈ ಚಿತ್ರದಲ್ಲಿ ಸಾವನ್ನು ಯಾವ ದನಿಯಲ್ಲಿ ಹೇಳುತ್ತಾರೆ, ಎಲ್ಲವೂ ಅಲ್ಲೇ ತಿಳಿದುಬಿಡುತ್ತದೆ. ಯಾರೂ ಯಾರನ್ನೂ ಪರಿಚಯಿಸುವುದಿಲ್ಲ. ಆ ಬಯ್ಗುಳದ ಭಾಷೆಯೇ ಊರಿನ ಬೋರ್ಡಿನ ಕೆಲಸ ಮಾಡುತ್ತದೆ.

ಈ ಭಾಷೆಯ ವಿಷಯ ನನಗೆ ತುಂಬಾ ಮುಖ್ಯ. ಕನ್ನಡದಲ್ಲಿ ಚಿತ್ರ ಮಾಡುವವರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು. “ಎಲ್ಲಿಗ್ ಹೊಂಟೀಯೋ?” ಅಂದರೆ ನಾವು ಧಾರವಾಡದ ಕಡೆ ಇದ್ದೇವೆ. “ಎಂತ ಮಾಡೂದ್ ಮಾರಾಯ್ರೆ” ಅಂದರೆ ಕರಾವಳಿಗೆ ಬಂದೆವು. ಒಂದು ಡ್ರೋನ್ ಶಾಟ್ ಮಾಡಲಾಗದ ಕೆಲಸವನ್ನು ಒಂದು ಸಾಲು ಮಾಡುತ್ತದೆ. ಆದರೂ ರಾಯಚೂರಿನ ಮಕ್ಕಳು, ಶಿರಸಿಯ ಮಕ್ಕಳು ಕ್ಯಾಮೆರಾ ಆನ್ ಆದ ಕೂಡಲೇ ಧಾರಾವಾಹಿಗಳ ಬೆಂಗಳೂರು ಕನ್ನಡಕ್ಕೆ ಹೊರಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಅಜ್ಜಿ ಹೇಗೆ ಮಾತಾಡುತ್ತಾರೋ ಚಿತ್ರದ ಅಜ್ಜಿಯೂ ಹಾಗೇ ಮಾತಾಡಲಿ. ಬೇರೆ ಜಿಲ್ಲೆಯವರಿಗೆ ಒಂದೆರಡು ಪದ ಅರ್ಥವಾಗದಿದ್ದರೆ ಏನೂ ನಷ್ಟವಿಲ್ಲ.

ವಿದ್ಯಾರ್ಥಿ ಚಿತ್ರ ಅಂದರೆ ಇಷ್ಟೇ ಅಂತ ತಿಳಿದವರಿಗೆ ಇನ್ನೊಂದು ಮಾತು. ಪುಣೆಯ ಸಿನಿಮಾ ತರಬೇತಿ ಸಂಸ್ಥೆ ಎಫ್‌ಟಿಐಐನಲ್ಲಿ ಓದುತ್ತಿದ್ದಾಗ ಮೈಸೂರಿನ ಚಿದಾನಂದ ನಾಯ್ಕ್ ಮಾಡಿದ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದು ಹೋಗುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. ನಮ್ಮ ಜನಪದ ಕಥೆ. ಹುಂಜ ಹೋಯಿತು, ಇನ್ನು ಬೆಳಗಾಗುವುದು ಹೇಗೆ ಅನ್ನುವ ಪ್ರಶ್ನೆಗೆ ಫ್ರಾನ್ಸಿನಲ್ಲಿ ಕೂತವರೂ ಕಿವಿಗೊಟ್ಟರು. ನಮ್ಮ ಅಜ್ಜಿಯರಿಗೆ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಅಂತ ಯಾವತ್ತೋ ಗೊತ್ತಿತ್ತು.

ಇನ್ನು ಶಬ್ದ. ಆರಂಭಕ್ಕೆ ಯಾವುದೋ ಹಿಟ್ ಸಿನಿಮಾದ ಹಿನ್ನೆಲೆ ಸಂಗೀತ ಹಾಕುವ ಚಾಳಿ ಹೋಗಬೇಕು. ಕಾಪಿರೈಟ್ ಕ್ಲೇಮ್ ಬರುತ್ತದೆ ಅನ್ನುವುದು ಚಿಕ್ಕ ಕಾರಣ. ಆ ಸಂಗೀತ ಕೇಳಿದ ಕೂಡಲೇ ನೋಡುವವರು ಆ ಸಿನಿಮಾಕ್ಕೆ ಹೊರಟುಹೋಗುತ್ತಾರೆ, ನಿಮ್ಮ ಹುಡುಗಿಯನ್ನು ಬಸ್ಸಲ್ಲೇ ಬಿಟ್ಟು. ಹಾಲಿವುಡ್ ನಿರ್ದೇಶಕ ಆರ್ಸನ್ ವೆಲ್ಸ್‌ರ ‘ಟಚ್ ಆಫ್ ಈವಿಲ್’ (1958) ಚಿತ್ರದ ಆರಂಭ ಮೂರು ನಿಮಿಷ ಮೀರುವ ಒಂದೇ ಶಾಟ್. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುವುದನ್ನು ನಾವು ನೋಡುತ್ತೇವೆ, ಆ ಕಾರು ಗಡಿ ಪಟ್ಟಣದ ಬೀದಿಗಳಲ್ಲಿ ಸಾಗುತ್ತದೆ. ಸ್ಟುಡಿಯೊದವರು ಅದರ ಮೇಲೆ ಟೈಟಲ್‌ಗಳನ್ನೂ ಸಂಗೀತವನ್ನೂ ಹಾಕಿದರು. ಚಿತ್ರವನ್ನು ಹೇಗೆ ಸರಿಪಡಿಸಬೇಕು ಅಂತ ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದಿದ್ದರು. ಅದನ್ನಿಟ್ಟುಕೊಂಡು 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಮತ್ತೆ ಎಡಿಟ್ ಮಾಡಿದಾಗ ಟೈಟಲ್ ತೆಗೆದು, ಬೀದಿಯ ಕ್ಲಬ್ಬುಗಳಿಂದ, ಕಾರಿನ ರೇಡಿಯೊದಿಂದ ಬರುವ ಶಬ್ದಗಳನ್ನೇ ಇಟ್ಟರು. ಚಿತ್ರ ಅದೇ, ಶಾಟ್ ಅದೇ. ಆದರೆ ಈಗ ಕಾರು ಎಲ್ಲಿದೆ ಅಂತ ಕಿವಿಯೂ ಹುಡುಕುತ್ತದೆ. ಎರಡೂ ಆವೃತ್ತಿಗಳನ್ನು ತರಗತಿಯಲ್ಲಿ ಒಂದಾದ ಮೇಲೊಂದು ತೋರಿಸಿ. ಒಂದು ಸೆಮಿಸ್ಟರ್‌ನ ಪಾಠ ಅಲ್ಲಿದೆ.

ನಿಮ್ಮ ಬಸ್ಸಿನ ಎಂಜಿನ್ ಸದ್ದು, ಕಂಡಕ್ಟರ್ ಸೀಟಿ, “ರೈಟ್ ರೈಟ್” ಇವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಅರ್ಧ ನಿಮಿಷ ಆ ಜಾಗದ ಮೌನ ಹಿಡಿದುಕೊಳ್ಳಿ, ಎಡಿಟಿಂಗ್‌ನಲ್ಲಿ ಕಟ್‌ಗಳ ನಡುವೆ ಅದು ಬೇಕೇ ಬೇಕು. ಮಾತಿನ ದೃಶ್ಯಕ್ಕೆ ಫ್ಯಾನ್ ಆರಿಸಿ. ಹಾಗೇ ಇನ್ನೊಂದು: ನಮ್ಮ ಕರೆಂಟು 50 ಹರ್ಟ್ಸ್. ಮೊಬೈಲ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್‌ಗೆ ಇಟ್ಟಿರುತ್ತವೆ, ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕಬಹುದು. 25 ಫ್ರೇಮ್, ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಂಡರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಎಡಿಟಿಂಗ್ ಬಗ್ಗೆ ನನ್ನ ಖಚಿತ ಅಭಿಪ್ರಾಯ: ಆರಂಭವನ್ನು ಕೊನೆಗೆ ಎಡಿಟ್ ಮಾಡಿ. ಮೊದಲ ಶಾಟ್‌ನಿಂದ ಕೂತು ಅದನ್ನೇ ವಾರಗಟ್ಟಲೆ ತಿದ್ದಿ, ಕ್ಲೈಮ್ಯಾಕ್ಸನ್ನು ಸಲ್ಲಿಸುವ ಹಿಂದಿನ ರಾತ್ರಿ ಅಂಟಿಸುವ ತಂಡಗಳನ್ನು ಪ್ರತಿ ವರ್ಷ ನೋಡುತ್ತೇನೆ. ಇಡೀ ಚಿತ್ರವನ್ನು ಒರಟಾಗಿಯಾದರೂ ಜೋಡಿಸಿ ಒಮ್ಮೆ ನೋಡಿ. ಅದು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಾದ ಮೇಲೆ ತಾನೇ ಎಲ್ಲಿಂದ ಹೊರಡಬೇಕು ಅಂತ ತಿಳಿಯುವುದು. ಕಟ್ ಎಲ್ಲಿ ಮಾಡಬೇಕು ಅನ್ನುವುದಕ್ಕೆ ಮರ್ಚ್ ತಮ್ಮ ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: ನೂರರಲ್ಲಿ ಭಾವಕ್ಕೆ 51 ಪಾಲು, ಕಥೆಗೆ 23, ಲಯಕ್ಕೆ 10, ಉಳಿದದ್ದು ನೋಟ ಮತ್ತು ಜಾಗದ ಹೊಂದಾಣಿಕೆಗೆ. ನಮ್ಮ ಮಕ್ಕಳು ಆ ಕೊನೆಯ ಹೊಂದಾಣಿಕೆಗೇ ಹೆದರುತ್ತಾರೆ. ಕೈ ಎಡಕ್ಕಿತ್ತು, ಈಗ ಬಲಕ್ಕಿದೆ ಅಂತ ಮುಖದ ಮೇಲೆ ಅತ್ಯುತ್ತಮ ಭಾವ ಬಂದ ಟೇಕನ್ನೇ ಎಸೆದುಬಿಡುತ್ತಾರೆ. ಆ ಮುಖವನ್ನು ಉಳಿಸಿಕೊಳ್ಳಿ, ಕೈಯನ್ನು ಯಾರೂ ನೋಡುವುದಿಲ್ಲ.

ಕೃತಜ್ಞತೆಗಳು ಕೊನೆಗೆ ಬರಲಿ. ಇದನ್ನು ನಾನು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಮೇಷ್ಟ್ರುಗಳಿಗೆ ಕೈಮುಗಿದು ಕೇಳುತ್ತಿದ್ದೇನೆ. ನಮ್ಮ ಹೆಸರು ಮೊದಲೇ ಬರಬೇಕು ಅಂತ ನಾವು ಬಯಸಿದರೆ ಆ ಮಕ್ಕಳು ಇಲ್ಲ ಅನ್ನಲಾರರು.

ಕೊನೆಗೆ, ತೋರಿಸುವುದು ಯಾರಿಗೆ? ಗೆಳೆಯರಿಗೆ ತೋರಿಸಿದರೆ ಪ್ರಯೋಜನ ಕಡಿಮೆ. ನಟಿಸಿದವಳು ಅವರ ಕ್ಲಾಸ್‌ಮೇಟ್, ತೆರೆಗೆ ಬಂದ ಕೂಡಲೇ ಶಿಳ್ಳೆ ಹೊಡೆಯುತ್ತಾರೆ. ಕ್ಯಾಂಟೀನ್ ಅಣ್ಣನಿಗೆ, ಹಾಸ್ಟೆಲ್ ವಾರ್ಡನ್‌ಗೆ, ಪಕ್ಕದ ಮನೆ ಆಂಟಿಗೆ ತೋರಿಸಿ. ಅವರು ನೋಡುವುದು ಮೊಬೈಲ್‌ನಲ್ಲಿ, ಆದ್ದರಿಂದ ನೀವೂ ಒಮ್ಮೆ ಮೊಬೈಲ್‌ನಲ್ಲೇ ನೋಡಿ. ದೊಡ್ಡ ಮಾನಿಟರ್‌ನಲ್ಲಿ ಕಂಡ ಐಡಿ ಕಾರ್ಡ್ ಅಲ್ಲಿ ಕಾಣುತ್ತದಾ? ಎರಡು ನಿಮಿಷಕ್ಕೆ ನಿಲ್ಲಿಸಿ. “ಹೇಗಿದೆ?” ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. “ಈ ಹುಡುಗಿ ಯಾರು? ಎಲ್ಲಿಗೆ ಹೋಗ್ತಿದ್ದಾಳೆ? ಮುಂದೆ ಏನಾಗಬಹುದು?” ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಡುವೆ ಬಾಯಿ ಹಾಕಿ ವಿವರಿಸಬೇಡಿ. ಇದು ಬಹಳ ಕಷ್ಟ, ಆದರೂ ತಡೆದುಕೊಳ್ಳಿ. ಆಮೇಲೆ ನೀವು ಮೊದಲು ಬರೆದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕತ್ತರಿ ಆಡಲಿ.

ಈ ಸಲ ಚಿತ್ರ ಮಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲ ಎರಡು ನಿಮಿಷ ಮಾತ್ರ ನನಗೆ ಮೆಸೇಜ್ ಮಾಡಿ. ಕಥೆ ಹೇಳಬೇಡಿ, ವಿವರಣೆ ಬರೆಯಬೇಡಿ. ಆ ಮೂರು ಪ್ರಶ್ನೆಗಳಿಗೆ ನನಗೆ ತೋಚಿದ ಉತ್ತರ ಬರೆದು ಕಳಿಸುತ್ತೇನೆ.