ಒಂದು ರಾತ್ರಿಯ ಬಿಡಾರ

ಉಡುಪಿಯಲ್ಲಿ ಯಾರ ಮುಂದಾದರೂ ‘ನಾವೊಂದು ಟೆಂಟ್ ತೆಗೆದುಕೊಂಡಿದ್ದೇವೆ’ ಎಂದರೆ ಅವರು ‘ಯಾವ ಮೇಳ?’ ಎಂದು ಕೇಳುವ ಸಾಧ್ಯತೆಯೇ ಹೆಚ್ಚು. ಈ ಸೀಮೆಯಲ್ಲಿ ಟೆಂಟ್ ಎಂಬ ಶಬ್ದ ಬಹುಕಾಲದಿಂದ ಯಕ್ಷಗಾನದ ಡೇರೆ ಮೇಳಗಳ ಸೊತ್ತು. ಕ್ಯಾಂಪ್ ಎಂದರೆ ಮೇಳ ಆ ರಾತ್ರಿ ಬೀಡುಬಿಡುವ ಊರು, ಪ್ರಸಂಗವೆಂದರೆ ಅಂದು ಆಡುವ ಕಥೆ, ಆಟವೆಂದರೆ ಯಕ್ಷಗಾನದ ಪ್ರದರ್ಶನ. ಆದ್ದರಿಂದ ಡಿಸೆಂಬರ್ ಕೊನೆಯ ವಾರದಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿ ಕ್ಯಾಂಪಿಂಗ್ ಹೋಗುವುದೆಂದು ನನ್ನ ಪತಿ ಊಟದ ನಡುವೆ ಪ್ರಕಟಿಸಿದಾಗ, ಮಾವನವರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, “ಕ್ಯಾಂಪ್ ಎಲ್ಲಿ? ಪ್ರಸಂಗ ಯಾವುದು?” ಎಂದು ಕೇಳಿದ್ದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಪ್ರಸಂಗ ಯಾವುದೂ ಇಲ್ಲ, ಬಯಲಿನಲ್ಲಿ ಬಟ್ಟೆಯ ಗುಡಾರವೊಂದನ್ನು ಕಟ್ಟಿ ಅದರೊಳಗೆ ಮಲಗಿ ಬೆಳಿಗ್ಗೆ ಎದ್ದು ಬರುವುದಷ್ಟೇ ಎಂದು ತಿಳಿದ ಮೇಲೆ ಅವರು ಸ್ವಲ್ಪ ಹೊತ್ತು ಯೋಚಿಸಿ, “ಆಟ ಇಲ್ಲದಿದ್ದರೆ ಬಯಲಿನಲ್ಲಿ ಮಲಗುವುದು ಎಂತಕ್ಕೆ?” ಎಂದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲವಾದ್ದರಿಂದ ಪತಿ ಅಂದೇ ರಾತ್ರಿ ಆನ್‌ಲೈನ್‌ನಲ್ಲಿ ಟೆಂಟ್ ತರಿಸಲು ಹಣ ಕಟ್ಟಿಬಿಟ್ಟರು. ಒಗ್ಗದಿದ್ದರೆ ಹತ್ತು ದಿನದೊಳಗೆ ಹಿಂದಿರುಗಿಸಬಹುದು ಎಂಬ ಷರತ್ತು ನನ್ನನ್ನು ಸುಮ್ಮನಾಗಿಸಲು ಸಾಕಾಯಿತು.

ಪೆಟ್ಟಿಗೆಯ ಮೇಲೆ ‘ನಾಲ್ವರಿಗೆ’ ಎಂದು ಬರೆದಿತ್ತು. ಟೆಂಟ್ ಮಾಡುವವರ ಲೆಕ್ಕದಲ್ಲಿ ಒಬ್ಬ ಮನುಷ್ಯನೆಂದರೆ ಸುಮಾರು ಎರಡು ಅಡಿ ಅಗಲದ, ರಾತ್ರಿಯಿಡೀ ಮಗ್ಗುಲು ಬದಲಿಸದ, ಚೀಲವನ್ನಾಗಲಿ ನೀರಿನ ಬಾಟಲಿಯನ್ನಾಗಲಿ ಜೊತೆಗೆ ತಾರದ ಒಂದು ವಸ್ತು. ಹಾಗೆ ನಾಲ್ವರನ್ನು ಜೋಡಿಸಿದರೆ ಮಲ್ಪೆಯ ಬುಟ್ಟಿಯ ಬಂಗುಡೆಗಳ ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಗ ನಿದ್ದೆಯಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗುವವನು. ಮಧ್ಯರಾತ್ರಿಗೆ ಅವನ ಕಾಲು ಇರುವ ಕಡೆ ಆರಂಭದಲ್ಲಿ ಅವನ ತಲೆ ಇರುತ್ತದೆ. ಅವನೊಬ್ಬನನ್ನೇ ಇಬ್ಬರೆಂದು ಎಣಿಸಬೇಕಾದೀತೆಂದು ನಾನು ಆಗಲೇ ಹೇಳಿದ್ದೆ.

ಒಯ್ಯಬೇಕಾದ ಸಾಮಾನುಗಳ ಪಟ್ಟಿಯನ್ನು ಕಳೆದ ತಿಂಗಳ ಕ್ಯಾಲೆಂಡರಿನ ಹಾಳೆಯ ಬೆನ್ನಿನಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು. ನೆನಪಾದವರು ನೆನಪಾದಾಗ ಸೇರಿಸಬಹುದು ಎಂಬುದು ಏರ್ಪಾಡು. ಒಂದು ವಾರ ಕಳೆಯುವಷ್ಟರಲ್ಲಿ ಆ ಹಾಳೆಯನ್ನು ಓದಿದರೆ ಮನೆಯಲ್ಲಿ ಯಾರು ಯಾವುದಕ್ಕೆ ಹೆದರುತ್ತಾರೆ ಎಂಬುದು ಜಾತಕದಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ಪತಿಗೆ ಕತ್ತಲೆಯ ಭಯ ಎಂಬುದನ್ನು ನಾನು ಮದುವೆಯಾಗಿ ಹತ್ತು ವರ್ಷಗಳ ಬಳಿಕ, ಅವರು ಬರೆದ ‘ಟಾರ್ಚ್ 2, ತಲೆಗೆ ಕಟ್ಟುವ ದೀಪ 2, ಇನ್ನೊಂದು ಟಾರ್ಚ್’ ಎಂಬ ಸಾಲಿನಿಂದ ಕಂಡುಕೊಂಡೆ. ನನ್ನ ಕೈಬರಹದಲ್ಲಿದ್ದುದೆಲ್ಲ ಔಷಧಗಳೇ: ಪ್ಯಾರಾಸಿಟಮಾಲ್ ಸಿರಪ್, ಒಆರ್‌ಎಸ್, ಥರ್ಮಾಮೀಟರ್, ಸೊಳ್ಳೆಗೆ ಹಚ್ಚುವ ಮುಲಾಮು, ಮತ್ತೆ ಬೇರೊಂದು ಕಂಪನಿಯ ಸೊಳ್ಳೆ ಮುಲಾಮು. ಅತ್ತೆಯವರಿಗೆ ಹಸಿವೆಯೊಂದರ ಹೊರತು ಬೇರೆ ಯಾವ ಅಪಾಯವೂ ತೋರಲಿಲ್ಲ. ಅವರು ತಮ್ಮ ಪಾಲನ್ನು ಬರೆಯದೆ ನನಗೆ ಬಾಯಿಂದ ಹೇಳಿ ಬರೆಸಿದರು, ಮತ್ತು ಇಡೀ ಪಟ್ಟಿಯಲ್ಲಿ ನಿಜವಾದ ಅನುಭವದ ಮಾತೆಂದರೆ ಅದೇ. ಹಲಸಿನ ಎಲೆಯ ಕೊಟ್ಟೆ ಕಡುಬನ್ನು ಹಿಂದಿನ ಸಂಜೆ ಬೇಯಿಸಿ ಎಲೆಯೊಂದಿಗೇ ಒಯ್ದರೆ ಮರುದಿನ ಬೆಳಿಗ್ಗೆಯವರೆಗೂ ಕೆಡುವುದಿಲ್ಲ; ತುರಿದ ತೆಂಗಿನಕಾಯಿ ಮಾತ್ರ ಮಧ್ಯಾಹ್ನದೊಳಗೆ ಹಳಸುವುದರಿಂದ ಇಡೀ ಕಾಯಿ ಮತ್ತು ಕತ್ತಿಯನ್ನೇ ಒಯ್ಯಬೇಕು; ಅವಲಕ್ಕಿ, ಬೆಲ್ಲ ಇದ್ದರೆ ಒಲೆ ಹೊತ್ತದಿದ್ದರೂ ಮಕ್ಕಳು ಉಪವಾಸ ಬೀಳುವುದಿಲ್ಲ. ಮಗಳು ತನ್ನ ಇಂಗ್ಲಿಷ್ ಕಥೆಪುಸ್ತಕದ ಚಿತ್ರವನ್ನು ನೋಡಿಕೊಂಡು ದೊಡ್ಡ ಅಕ್ಷರಗಳಲ್ಲಿ ‘ಬೆಂಕಿ’ ಎಂದು ಬರೆದಳು. ಮಗನಿಗೆ ಬರೆಯಲು ಬಾರದ್ದರಿಂದ ಅವನು ತನ್ನ ದಿಂಬಿನ ಚಿತ್ರ ಬಿಡಿಸಿದ. ಮಾವನವರು ಏನನ್ನೂ ಸೇರಿಸಲಿಲ್ಲ. ಕೇಳಿದ್ದಕ್ಕೆ, “ಒಂದು ಚಾಪೆ, ಒಂದು ಬೈರಾಸು. ಅದನ್ನು ಬರೆದಿಡಬೇಕಾ?” ಎಂದರು.

ಇನ್ನು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. ಮೊದಲು ಮನಸ್ಸಿಗೆ ಬಂದದ್ದು, ಈ ಊರಿನ ಎಲ್ಲರಿಗೂ ಬರುವಂತೆ, ಸಮುದ್ರ. ಸೀತಾ ಮತ್ತು ಸುವರ್ಣಾ ನದಿಗಳು ಒಟ್ಟಾಗಿ ಕಡಲು ಸೇರುವ ಕೋಡಿಬೆಂಗ್ರೆಯ ಕಡೆ ಒಂದು ಭಾನುವಾರ ಹೋಗಿ ಸ್ಥಳ ನೋಡಿ ಬಂದೆವು. ಒಂದು ಬದಿಯಲ್ಲಿ ಹೊಳೆ, ಇನ್ನೊಂದು ಬದಿಯಲ್ಲಿ ಕಡಲು, ನಡುವೆ ಗಾಳಿಮರಗಳ ಸದ್ದು. ಕಣ್ಣಿಗೆ ಅದಕ್ಕಿಂತ ಹಿತವಾದುದು ಬೇಕಿಲ್ಲ. ಆದರೆ ಎರಡೂ ಬದಿಯಲ್ಲಿ ನೀರಿರುವ ಜಾಗದಲ್ಲಿ ನಾಲ್ಕು ವರ್ಷದ ಮಗುವನ್ನು ಇಟ್ಟುಕೊಂಡು ನಿದ್ರಿಸಬಲ್ಲ ತಾಯಿ ನಾನಲ್ಲ. ಅದೂ ಅಲ್ಲದೆ ಕಡಲಿಗೆ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರದ ನೀರು ಇನ್ನಷ್ಟು ಮೇಲೇರುತ್ತದೆ. ಸಂಜೆ ಒಣಗಿ ಕಂಡ ಮರಳಿನ ಮೇಲೆ ನಡುರಾತ್ರಿ ಅಲೆ ಬಂದು ಮುಟ್ಟಿದರೆ ತಪ್ಪು ಪಂಚಾಂಗ ನೋಡದವರದು. ಮರಳಿನಲ್ಲಿ ಟೆಂಟಿನ ಗೂಟಗಳು ನಿಲ್ಲುವುದೂ ಇಲ್ಲ. ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಷ್ಟು ಆಳಕ್ಕೆ ಹೂತರೆ ಮಾತ್ರ ಹಿಡಿದು ನಿಲ್ಲುತ್ತವಂತೆ. ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ನೆಲ ತಣಿದ ಮೇಲೆ ಗುಡ್ಡದ ಕಡೆಯಿಂದ ತಿರುಗಿ ಬೀಸುವುದರಿಂದ ಬಾಗಿಲನ್ನು ಯಾವ ದಿಕ್ಕಿಗೆ ಇಡಬೇಕೆಂಬ ಚರ್ಚೆಯೂ ನಡೆಯಿತು. ನಾನು ಅದನ್ನು ಮುಂದುವರಿಸಲು ಬಿಡಲಿಲ್ಲ.

ಕಡಲು ಬೇಡವೆಂದಾದ ಮೇಲೆ ಅದೇ ಸೀತಾನದಿಯ ಇನ್ನೊಂದು ತುದಿ, ಹೆಬ್ರಿ ಮತ್ತು ಆಗುಂಬೆಯ ನಡುವಿನ ಕಾಡು. ಅಲ್ಲಿನ ಸೋಮೇಶ್ವರ ವನ್ಯಜೀವಿಧಾಮ 1974ರಲ್ಲಿ ಘೋಷಿತವಾದದ್ದು. ಅಲ್ಲಿ ಮನಸ್ಸು ಬಂದಲ್ಲಿ ಗೂಟ ಹೊಡೆದು ಬೆಂಕಿ ಹಾಕಿ ಕುಳಿತುಕೊಳ್ಳುವ ಹಾಗಿಲ್ಲ, ಇರಬಾರದು ಕೂಡ. ಘಾಟಿ ಹತ್ತಿ ಆಗುಂಬೆಗೇ ಹೋಗೋಣವೆಂದರೆ 14 ತಿರುವುಗಳಲ್ಲಿ ಮೂರನೆಯದಕ್ಕೇ ಮಗನ ಹೊಟ್ಟೆಯಲ್ಲಿದ್ದುದೆಲ್ಲ ಹೊರಬರುತ್ತದೆ. ಕಾಡಿನ ಅಂಚಿಗೆ ಮಕ್ಕಳನ್ನು ಕರೆದೊಯ್ಯುವವರು ಕಾಲವನ್ನೂ ನೋಡಬೇಕು. ಮಳೆಗಾಲದಲ್ಲಿ ಇಂಬಳದ ಕಾಟ. ಅದು ರಕ್ತ ಹೀರಿ ತಾನಾಗಿ ಉದುರಿ ಹೋಗುವ ಸಭ್ಯ ಪ್ರಾಣಿ. ಮಳೆ ನಿಂತು ಎಲೆಯುದುರುವ ಹೊತ್ತಿಗೆ ಬರುವ ಉಣುಗುಗಳು ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳ ಕಡಿತದಿಂದಲೇ, ಮತ್ತು ಅದರ ಕಾಲ ಹೆಚ್ಚುಕಡಿಮೆ ನಮ್ಮ ರಜೆಯ ಕಾಲವೇ. ಹಾಗಾಗಿ ಪಟ್ಟಿಗೆ ಉದ್ದ ತೋಳಿನ ಅಂಗಿ, ಪ್ಯಾಂಟಿನ ಅಂಚನ್ನು ಒಳಸೇರಿಸಿಕೊಳ್ಳುವ ಕಾಲುಚೀಲ, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೆಪಾ ತೈಲ, ಇವು ಸೇರಿದವು. ಈ ಕಾಯಿಲೆಗೆ ಮಂಗಗಳೂ ಸಾಯುವುದರಿಂದ, ಮಂಗ ಸತ್ತ ಸುದ್ದಿ ಇರುವ ಕಡೆ ಸುಳಿಯುವುದೇ ಇಲ್ಲ ಎಂಬ ತೀರ್ಮಾನವೂ ಆಯಿತು.

ಮೊದಲ ಸಲ ಹೋಗುವವರು ಮನೆಯಿಂದ ಬಹಳ ದೂರ ಹೋಗಬಾರದು, ನಡುರಾತ್ರಿ ಮಗು ಹಟ ಹಿಡಿದರೆ ಒಂದು ಗಂಟೆಯೊಳಗೆ ಮರಳಿ ಬರುವಂತಿರಬೇಕು, ಹತ್ತಿರದಲ್ಲೊಂದು ಶೌಚಾಲಯವೂ ಬಾವಿಯೂ ಇರಬೇಕು ಎಂಬ ನನ್ನ ಮೂರು ಷರತ್ತುಗಳಿಗೆ ಒಪ್ಪುವ ಜಾಗವೆಂದರೆ ಕೊನೆಗೆ ಒಂದೇ ಉಳಿಯಿತು: ಹೆಬ್ರಿಯ ಸಮೀಪದಲ್ಲಿರುವ, ನನ್ನ ಪತಿಯ ಸೋದರತ್ತೆಯ ತೋಟ. ತೊಡಕು ಹುಟ್ಟಿದ್ದೇ ಅಲ್ಲಿ. ನೆಂಟರ ಊರಿಗೆ ಹೋಗಿ, ಅವರ ಮನೆಯಲ್ಲಿ ಮೂರು ಕೋಣೆ ಖಾಲಿ ಇರುವಾಗ ಹೊರಗೆ ಬಟ್ಟೆಯ ಗೂಡಿನಲ್ಲಿ ಮಲಗುವುದೆಂದರೆ ಆ ಮನೆಯವರೊಂದಿಗೆ ಜಗಳವಾಡಿದ್ದೇವೆಂದು ಡಂಗುರ ಸಾರಿದಂತೆ. ಫೋನಿನಲ್ಲಿ ವಿಷಯ ಕೇಳಿದ ಸೋದರತ್ತೆ ಮೊದಲು ನಕ್ಕರು, ಆಮೇಲೆ ನೊಂದುಕೊಂಡರು. “ಕಂಡವರು ಎಂತ ಹೇಳಿಯಾರು, ತಮ್ಮನ ಮಕ್ಕಳನ್ನು ಅಂಗಳದಲ್ಲಿ ಮಲಗಿಸಿದೆ ಅಂತ?” ಅಂಗಳವಂತೂ ಸಿಗುವಂತಿರಲಿಲ್ಲ; ಅಲ್ಲಿ ಅಡಿಕೆ ಒಣಗುತ್ತಿತ್ತು. ಮನೆಯ ಕೆಳಗಿನ ಕೊಯ್ದ ಗದ್ದೆಯಲ್ಲಿ ಮಲಗುತ್ತೇವೆಂದು ಪತಿ ಹೇಳಿದಾಗ ಅವರು ಫೋನನ್ನು ತಮ್ಮನಿಗೆ ಕೊಡಲು ಹೇಳಿದರು. ಅಕ್ಕ ತಮ್ಮ ಅರ್ಧ ಗಂಟೆ ಮಾತನಾಡಿದರು. ನಮಗೆ ಕೇಳಿಸಿದ್ದು ಈ ಬದಿಯ ಮಾತು ಮಾತ್ರ. ಅದರಲ್ಲಿ ಟೆಂಟಿನ ಪ್ರಸ್ತಾಪ ಒಮ್ಮೆಯೂ ಬರಲಿಲ್ಲ. ಎಳವೆಯಲ್ಲಿ ಅದೇ ಗದ್ದೆಯಲ್ಲಿ ಬಯಲಾಟವಾದಾಗ ಇಬ್ಬರೂ ಚಾಪೆ ಹಿಡಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿಯುತ್ತಿದ್ದುದು, ಭಾಗವತರ ಪದ್ಯ ಕೇಳುತ್ತ ನಿದ್ದೆ ಹೋಗುತ್ತಿದ್ದುದು, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿಯೆಬ್ಬಿಸುತ್ತ ಮಹಿಷಾಸುರ ಸಭೆಯ ಹಿಂದಿನಿಂದ ಬರುವ ಹೊತ್ತಿಗೆ ಅಮ್ಮ ಎಬ್ಬಿಸುತ್ತಿದ್ದುದು, ಇವೇ ಮಾತು. ಕೂಳೆ ಚುಚ್ಚದಿರಲೆಂದು ಚಾಪೆಯ ಕೆಳಗೆ ಬೈಹುಲ್ಲು ಹಾಸುತ್ತಿದ್ದರಂತೆ. ಮೈ ಬೆಚ್ಚಗಿರುವುದಕ್ಕೆ ಹೊದೆಯುವುದಕ್ಕಿಂತ ಹಾಸುವುದೇ ಮುಖ್ಯ, ಚಳಿ ನೆಲದಿಂದ ಏರುತ್ತದೆ ಎಂದು ಮಾವನವರು ಫೋನಿಟ್ಟ ಮೇಲೆ ನಮಗೆ ವಿವರಿಸಿದರು. ಪತಿ ಇದೇ ಮಾತನ್ನು ಹಿಂದಿನ ದಿನ ಅಮೆರಿಕದ ಯಾರೋ ಒಬ್ಬರ ವೀಡಿಯೊದಲ್ಲಿ ಕೇಳಿ, ನಾಲ್ಕು ಫೋಮ್ ಹಾಸುಗಳಿಗೆ ಹಣ ಕಟ್ಟಿ ಮುಗಿಸಿದ್ದರು.

ಹೊರಡುವ ಮೊದಲು ಮನೆಯ ಅಂಗಳದಲ್ಲಿ ಒಂದು ರಾತ್ರಿ ಅಭ್ಯಾಸ ಮಾಡಬೇಕೆಂದು ಹಟ ಹಿಡಿದವಳು ನಾನೇ. ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ಮಾತ್ರ ನಮ್ಮ ಹಿತ್ತಲು, ಅಂಗಳಗಳಲ್ಲಿ ತೆಂಗಿನಮರದ ಕೆಳಗಲ್ಲದ ಜಾಗ ಎಷ್ಟು ಕಡಿಮೆ ಎಂಬುದು ಅರಿವಾಯಿತು. ಮಲಗಿದ ಮಕ್ಕಳ ಮೇಲೆ ಕಾಯಿ ಬೀಳದಿದ್ದರೂ ಒಣಗಿದ ಮಡಲೊಂದು ಬಿದ್ದರೆ ಸಾಕು. ತುಳಸಿಕಟ್ಟೆಯ ಪಕ್ಕದ ತುಂಡು ನೆಲವೊಂದೇ ಕ್ಷೇಮವಾಗಿತ್ತು, ಆದರೆ ಅಲ್ಲಿ ಈಚೆಗೆ ಇಂಟರ್‌ಲಾಕ್ ಹಾಕಿಸಿದ್ದರಿಂದ ಗೂಟ ಇಳಿಯುವಂತಿರಲಿಲ್ಲ. ಒಂದು ಹಗ್ಗವನ್ನು ತುಳಸಿಕಟ್ಟೆಗೆ ಕಟ್ಟಲು ಹೊರಟ ಮಗನನ್ನು ಅತ್ತೆ ಗದರಿದರು. ಕೊನೆಗೆ ಸ್ಕೂಟರ್, ಬಾವಿಕಟ್ಟೆಯ ಕಂಬ, ಹಾಗೂ ಗ್ರೈಂಡರ್ ಬಂದಂದಿನಿಂದ ಕೆಲಸವಿಲ್ಲದೆ ಮೂಲೆಯಲ್ಲಿ ಕುಳಿತಿದ್ದ ಕಡೆಯುವ ಕಲ್ಲು, ಇವು ಮೂರೂ ಸೇರಿ ಟೆಂಟನ್ನು ಹಿಡಿದು ನಿಲ್ಲಿಸಿದವು. ಮಗಳ ‘ಬೆಂಕಿ’ಯ ಆಸೆಯನ್ನು ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಹಪ್ಪಳ ಸುಟ್ಟು ತೀರಿಸಿದೆವು, ಪುಸ್ತಕದ ಚಿತ್ರದಲ್ಲಿದ್ದ ಬಿಳಿ ಮಿಠಾಯಿಗಿಂತ ಅದು ಉಬ್ಬುವುದು ಚೆನ್ನಾಗಿದೆಯೆಂದು ಅವಳು ಒಪ್ಪಿಕೊಂಡಳು.

ಸೊಳ್ಳೆ ಬರುವುದೆಂದು ನಾನು ಎಲ್ಲ ಕಿಟಕಿಗಳ ಜಿಪ್ ಎಳೆದಿದ್ದೆ. ನಾಲ್ವರ ಉಸಿರಿನ ತೇವವೆಲ್ಲ ತಣ್ಣಗಿನ ಬಟ್ಟೆಗೆ ಹತ್ತಿ, ಒಂದು ಗಂಟೆಯ ಹೊತ್ತಿಗೆ ಮಾಡಿನಿಂದ ಹನಿ ತೊಟ್ಟಿಕ್ಕತೊಡಗಿತು. ಡಿಸೆಂಬರಿನಲ್ಲಿ ಮಳೆಯೇ ಎಂದು ಪತಿ ಎದ್ದು ಕುಳಿತರು. ಮಗ ಅದಕ್ಕೂ ಮೊದಲೇ ಎರಡು ಬಾರಿ ಸೂಸು ಎಂದು ಎದ್ದು, ಎರಡನೆಯ ಸಲ ಮರಳಿ ಬಾರದೆ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದ ಅಜ್ಜನ ಪಕ್ಕ ಸೇರಿಕೊಂಡಿದ್ದ. ‘ಕಾವಲಿಗೆ’ ಎಂದು ಹೇಳಿ ಅಲ್ಲಿ ಮಲಗಿದ್ದ ಮಾವನವರ ಗೊರಕೆ ಅಂಗಳವನ್ನೆಲ್ಲ ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗಳೂ ಎದ್ದು ಹೋದಳು. ನಾನು ಯಾವಾಗ ಹೋದೆನೆಂಬುದು ನನಗೆ ಸರಿಯಾಗಿ ನೆನಪಿಲ್ಲ. ಬೆಳಗಾದಾಗ ಟೆಂಟಿನೊಳಗೆ ಪತಿಯೊಬ್ಬರೇ, ತಲೆಗೆ ಕಟ್ಟಿದ ದೀಪವನ್ನು ಆರಿಸದೆ, ಇಬ್ಬರ ಜಾಗದಲ್ಲಿ ಕೈಕಾಲು ಚಾಚಿ ನಿದ್ರಿಸುತ್ತಿದ್ದರು.

ಕಿಟಕಿಗಳನ್ನು ತೆರೆದಿಡಬೇಕು ಎಂದು ಪಟ್ಟಿಯ ಕೊನೆಗೆ ಬರೆದೆವು. ಮರುದಿನ ಸಂಜೆ ಸೋದರತ್ತೆಯ ಫೋನ್ ಬಂತು. ಗದ್ದೆಯಲ್ಲಿ ಬೈಹುಲ್ಲು ಹಾಸಿಸುತ್ತೇನೆ, ಎಷ್ಟು ಜನ ಬರುತ್ತೀರಿ ಎಂದು ಕೇಳಿದರು. ನಾಲ್ವರು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನವರು ಒಳಗಿನಿಂದಲೇ “ಆರು” ಎಂದರು. ಕಡುಬು ಬೇಯಿಸುವವರು ಹೋಗದಿದ್ದರೆ ಹೇಗೆ ಎಂಬ ತರ್ಕದಿಂದ ಅತ್ತೆಯವರ ಹೆಸರನ್ನೂ ಅವರೇ ಸೇರಿಸಿದ್ದರು. ಆ ಕಡೆಯಿಂದ ಸೋದರತ್ತೆ ಸ್ವಲ್ಪ ತಡೆದು, ನಿಮ್ಮ ಟೆಂಟಿನಲ್ಲಿ ತನಗೂ ಒಂದು ಚಾಪೆಯ ಜಾಗ ಉಂಟೇ ಎಂದು ಕೇಳಿದರು. ಏಳು ಜನರಿಗೆ ಆಗುವ ಟೆಂಟ್ ಸಿಗುತ್ತದೆಯೇ, ಇದನ್ನು ಕೊಟ್ಟು ಅದನ್ನು ತರಿಸಬಹುದೇ ಎಂದು ಪತಿ ಪೆಟ್ಟಿಗೆಯನ್ನು ಹೊರತೆಗೆದು ಬಿಲ್ಲಿನ ತಾರೀಕು ನೋಡಿದರು. ಹತ್ತು ದಿನಗಳ ಗಡುವು ಹಿಂದಿನ ರಾತ್ರಿಗೆ ಮುಗಿದಿತ್ತು.