ಲಾಭ, ಎರಡು, ಮೂರು

ನಮ್ಮ ಅಜ್ಜಿ ಏನನ್ನೂ ಎಣಿಸಲು ಬಿಡುತ್ತಿರಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಎಷ್ಟಿವೆ ಅಂತ ಬೆರಳು ಮಾಡಿದರೆ ಸಾಕು, "ಎಣಿಸಬ್ಯಾಡೋ, ಕಡಿಮಿ ಬೀಳ್ತಾವ" ಅಂತ ಕೈಗೊಂದು ಏಟು. ಕೊಟ್ಟಿಗೆಯ ಕರು, ಮನೆಯ ಮಕ್ಕಳು, ಗಿಡದಲ್ಲಿರುವ ಮಾವಿನಕಾಯಿ, ಯಾವುದನ್ನೂ ಎಣಿಸುವಂತಿಲ್ಲ. ರಾಶಿ ಅಳೆಯುವಾಗ ಮಾತ್ರ ಎಣಿಸಲೇಬೇಕು. ಆಗಲೂ "ಒಂದು" ಅನ್ನಬಾರದು. ಮೊದಲ ಸೇರು "ಲಾಭ". ಆಮೇಲೆ ಎರಡು, ಮೂರು.

ಹಾವೇರಿ ಜಿಲ್ಲೆಯ ಅಂಥ ಮನೆಯಿಂದ ಪುಣೆಗೆ ಬಂದು ನನಗೆ 19 ವರ್ಷ ಆಯಿತು. ಈಗ ದಸರಾ ಹೊತ್ತಿನಿಂದ ಮೂರು ತಿಂಗಳು ನನ್ನ ಭಾನುವಾರಗಳೆಲ್ಲ ಎಣಿಸುವುದರಲ್ಲೇ ಹೋಗುತ್ತವೆ. ಹದ್ದು, ಗಿಡುಗ, ಚಾಣ, ಸೆಳೆವ, ಹೀಗೆ ದೂರದಿಂದ ಬರುವ ಬೇಟೆ ಹಕ್ಕಿಗಳನ್ನು ಎಣಿಸುತ್ತೇನೆ. ಅಜ್ಜಿ ಇದ್ದಿದ್ದರೆ ಏನು ಅನ್ನುತ್ತಿದ್ದಳೋ.

ಮಳೆ ನಿಂತ ಮೇಲೆ ಈ ಹಕ್ಕಿಗಳು ಬರತೊಡಗುತ್ತವೆ. ಕಜಕಸ್ತಾನ, ಸೈಬೀರಿಯಾ ಕಡೆ ಚಳಿ ಶುರುವಾದಾಗ ಹೊರಟು ನಮ್ಮ ದಖ್ಖನ್ನಿನ ಹುಲ್ಲುಗಾವಲಿಗೆ ಇಳಿಯುತ್ತವೆ. ಇಲ್ಲಿ ಮಿಡತೆ, ಇಲಿ, ಸಣ್ಣ ಹಕ್ಕಿಗಳಿಗೆ ಬರವಿಲ್ಲ. ಮಾರ್ಚ್, ಏಪ್ರಿಲ್‌ ಹೊತ್ತಿಗೆ ವಾಪಸ್. ಸೆಳೆವಗಳ ಚೆಂದವೇ ಬೇರೆ. ಹುಲ್ಲಿನ ತುದಿಗೆ ಮೈ ತಾಗುತ್ತದೇನೋ ಅನ್ನುವಷ್ಟು ಕೆಳಗೆ, ರೆಕ್ಕೆ ಸ್ವಲ್ಪ ಮೇಲೆತ್ತಿ, ಅವಸರವೇ ಇಲ್ಲದೆ ತೇಲುತ್ತವೆ. ಗಂಡು ಬೂದು ಬಣ್ಣ, ರೆಕ್ಕೆಯ ತುದಿ ಮಾತ್ರ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ನಮ್ಮೂರ ಹೊಲದಲ್ಲಿ ಇವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಆಗ ನಮಗೆ ಎಲ್ಲವೂ ಹದ್ದೇ. ಬಿಳಿ ತಲೆಯದು ಮಾತ್ರ ಗರುಡ, ಕಂಡರೆ ಕೈ ಮುಗಿಯುತ್ತಿದ್ದೆವು. "ಸೆಳೆವ" ಅನ್ನುವ ಕನ್ನಡದ ಹೆಸರು ನನಗೆ ಸಿಕ್ಕಿದ್ದು ಊರು ಬಿಟ್ಟು ಇಲ್ಲಿಗೆ ಬಂದ ಮೇಲೆ! ಇಲ್ಲಿನ ಕನ್ನಡ ಗೆಳೆಯರ ಕೂಟದಲ್ಲಿ ಒಮ್ಮೆ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಮೈಸೂರಿನವರೊಬ್ಬರು ಅದು ಈಜುವವರನ್ನು ಎಳೆದುಕೊಂಡು ಹೋಗುವ ಹೊಳೆಯ ಸುಳಿ ಇರಬೇಕು ಅಂದರು.

ಇಲ್ಲಿನವರ ಎಣಿಕೆ ಹೇಗಿರುತ್ತದೆ ಅನ್ನುವುದನ್ನು ಹೇಳಲೇಬೇಕು. ನನ್ನನ್ನು ಇದಕ್ಕೆ ಎಳೆದವರು ನಮ್ಮ ಗಲ್ಲಿಯ ಒಬ್ಬ ಮರಾಠಿ ಕಾಕಾ. ಬ್ಯಾಂಕಿನಿಂದ ನಿವೃತ್ತರಾದವರು. ಬೆಳಿಗ್ಗೆ ಒಂಬತ್ತಕ್ಕೆ ಟೇಕಡಿಯ (ಇಲ್ಲಿನವರು ಗುಡ್ಡಕ್ಕೆ ಹಾಗನ್ನುತ್ತಾರೆ) ಮೇಲೆ ಇರಬೇಕು ಅಂದಿದ್ದರು. ನಾನು ನಮ್ಮೂರಿನ ಒಂಬತ್ತು ಅಂದುಕೊಂಡು ಹತ್ತು ನಿಮಿಷ ತಡವಾಗಿ ಹೋದೆ. ಕಾಕಾ ಏನೂ ಅನ್ನಲಿಲ್ಲ. ರಿಜಿಸ್ಟರಿನಲ್ಲಿ "9ರಿಂದ 9:10, ಒಬ್ಬರು ಕಮ್ಮಿ" ಅಂತ ಬರೆದರು. ಕುಹಕ ಅಂದುಕೊಂಡೆ. ಅಲ್ಲ. ಎಷ್ಟು ಜೋಡಿ ಕಣ್ಣು, ಎಷ್ಟು ಹೊತ್ತು ಆಕಾಶ ನೋಡಿದವು ಅನ್ನುವುದೂ ಲೆಕ್ಕದ ಭಾಗವೇ. ಇಬ್ಬರು ನೋಡಿ ಕಂಡ ಹತ್ತು ಹಕ್ಕಿ ಬೇರೆ, ಎಂಟು ಜನ ನೋಡಿ ಕಂಡ ಹತ್ತು ಹಕ್ಕಿ ಬೇರೆ. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು, ಯಾವ ಹಕ್ಕಿ, ಎಷ್ಟು, ಯಾವ ದಿಕ್ಕಿಗೆ ಹೋಯಿತು, ಗಂಟೆಗೊಂದು ಸಾಲು. ಕೊನೆಯಲ್ಲಿ ಒಂದು ಕಾಲಂ: "ಗೊತ್ತಾಗಲಿಲ್ಲ". ನನಗೆ ತುಂಬಾ ಹಿಡಿಸಿದ್ದು ಆ ಕಾಲಂ. ಹೆಣ್ಣು ಸೆಳೆವಗಳಲ್ಲಿ ಎರಡು ಜಾತಿ ಎಷ್ಟು ಹೋಲುತ್ತವೆ ಅಂದರೆ, ದೂರದಲ್ಲಿ ಹೋದರೆ ಪಳಗಿದವರೂ ಸುಮ್ನೆ ಅಲ್ಲಿಗೇ ಒಂದು ಗೀಟು ಹಾಕುತ್ತಾರೆ.

ಒಂದು ತಮಾಷೆ ಇದೆ. ಪುಣೆಯ ಮಧ್ಯಾಹ್ನದ ನಿದ್ದೆ ಜಗತ್ಪ್ರಸಿದ್ಧ. ಒಂದರಿಂದ ನಾಲ್ಕು ಅಂಗಡಿ ಬಾಗಿಲೂ ಹಾಕಿರುತ್ತದೆ. (ನಮ್ಮ ಧಾರವಾಡದ ಕಡೆಯೂ ಏನು ಕಮ್ಮಿ ಇಲ್ಲ ಬಿಡಿ.) ಆದರೆ ದೊಡ್ಡ ರೆಕ್ಕೆಯ ಹದ್ದುಗಳು ಹಾರುವುದೇ ಬಿಸಿಲು ಏರಿದ ಮೇಲೆ. ನೆಲ ಕಾದು ಬಿಸಿ ಗಾಳಿ ಮೇಲೇಳಬೇಕು. ಅದರೊಳಗೆ ಸುತ್ತು ಹಾಕುತ್ತಾ, ರೆಕ್ಕೆ ಬಡಿಯದೆ ಮೇಲಕ್ಕೆ ಹೋಗಿ, ಅಲ್ಲಿಂದ ಜಾರುಬಂಡಿಯಂತೆ ಮುಂದಿನ ಬಿಸಿ ಗಾಳಿಯವರೆಗೆ ಜಾರುತ್ತವೆ. ಸಾವಿರಾರು ಮೈಲಿ ಹೋಗುವವಕ್ಕೆ ಶಕ್ತಿ ಉಳಿಯುವುದು ಹೀಗೆ. ಹಾಗಾಗಿ ನಿದ್ದೆಯ ಊರಿನ ಜನ ನಿದ್ದೆ ಬಿಟ್ಟು, ಟೊಪ್ಪಿಗೆ ಹಾಕಿಕೊಂಡು, ಸುಡುವ ಬಂಡೆಯ ಮೇಲೆ ಕೂತಿರುತ್ತಾರೆ. ಇದೊಂದಕ್ಕೇ ನಾನು ಪುಣೆಯವರಿಗೆ ನಮಸ್ಕಾರ ಹಾಕುತ್ತೇನೆ.

ನನ್ನ ಮೊದಲ ವರ್ಷದ ಸಾಧನೆ 41 ಹದ್ದು. ಒಂದೇ ಗಂಟೆಯಲ್ಲಿ! ಬೀಗುತ್ತಾ ಹೇಳಿದೆ. ಕಾಕಾ ಕೇಳಿದರು, "ಎಲ್ಲಿಗೆ ಹೋದವು?" ಎಲ್ಲಿಗೂ ಹೋಗಿರಲಿಲ್ಲ. ಊರಿನ ಕಸದ ರಾಶಿಯ ಮೇಲೆ ಬದುಕುವ ನಮ್ಮವೇ ಹದ್ದುಗಳು, ಸುತ್ತಿದ್ದೇ ಸುತ್ತಿದ್ದು. ನಾನು ಒಂದನ್ನೇ ನಾಲ್ಕು ಸಲ ಎಣಿಸಿದ್ದೆ. ಹಕ್ಕಿಗಳು ಸುತ್ತುತ್ತಿರುವಾಗ ಎಣಿಸಬಾರದು. ಸುತ್ತಿನ ತುದಿ ತಲುಪಿ ಒಂದರ ಹಿಂದೆ ಒಂದು ಜಾರಿ ಹೊರಡುತ್ತವಲ್ಲ, ಆಗ ಎಣಿಸಬೇಕು. ಇದನ್ನು ಅವರು ಹೇಳುತ್ತಿದ್ದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮೂರ ಕುರುಬರು. ದೊಡ್ಡಿಯೊಳಗೆ ಗಿಜಿಗುಡುವ ಕುರಿಗಳನ್ನು ಯಾರೂ ಎಣಿಸುವುದಿಲ್ಲ. ಸಂಜೆ ಬಾಗಿಲಲ್ಲಿ ನಿಂತು, ಒಂದೊಂದೇ ಒಳಗೆ ನುಗ್ಗುವಾಗ ಎಣಿಸುತ್ತಾರೆ. ಅದೇ ಲೆಕ್ಕ.

ಸಂಜೆಯ ಎಣಿಕೆ ಇನ್ನೂ ಚೆಂದ. ಸೆಳೆವಗಳು ಮರದ ಮೇಲೆ ಮಲಗುವುದಿಲ್ಲ, ಹುಲ್ಲಿನೊಳಗೆ ನೆಲದ ಮೇಲೆ ಒಟ್ಟಾಗಿ ಮಲಗುತ್ತವೆ. ಸಾಸವಡದ ಆಚೆಯ ಬಯಲಲ್ಲಿ ಹೊತ್ತು ಮುಳುಗುವ ಮುಂಚೆ ಹೋಗಿ ದೂರದಲ್ಲಿ ಅಲ್ಲಾಡದೆ ಕೂರಬೇಕು. ನಾಲ್ಕು ದಿಕ್ಕಿನಿಂದ ಒಂದೊಂದೇ ಬಂದು, ಒಂದು ಸುತ್ತು ನೋಡಿ, ಹುಲ್ಲಿಗೆ ಇಳಿಯುತ್ತವೆ. ಒಂದು ಸಲ ಮೊದಲನೆಯದು ಇಳಿದಾಗ ನನ್ನ ಬಾಯಿಂದ ತಾನಾಗಿ "ಲಾಭ" ಅಂತ ಬಂತು. ಪಕ್ಕದಲ್ಲಿ ಕೂತಿದ್ದ ಕಾಕಾ ತಿರುಗಿ ನೋಡಿ ನಕ್ಕರು. ಅವರ ಹಳ್ಳಿಯಲ್ಲೂ ರಾಶಿ ಅಳೆಯುವಾಗ ಹಾಗೇ ಅನ್ನುತ್ತಾರಂತೆ. ಅವತ್ತಿನಿಂದ ನಮ್ಮ ಗುಂಪಿನಲ್ಲಿ ದಿನದ ಮೊದಲ ಹಕ್ಕಿಯ ಹೆಸರೇ ಲಾಭ.

ಪುಣೆಯವರೆಲ್ಲ ಹೀಗೇ ಅಂತಲ್ಲ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಲೋಣಾವಳಕ್ಕೆ ಅಮುರ್ ಚಾಣ ಬರುತ್ತದೆ. ಪಾರಿವಾಳಕ್ಕಿಂತ ಸಣ್ಣ ಹಕ್ಕಿ, ತೂಕ ಸುಮಾರು 150 ಗ್ರಾಂ. ಸೈಬೀರಿಯಾದ ತುದಿ, ಉತ್ತರ ಚೀನಾದಿಂದ ಹೊರಟು, ನಾಗಾಲ್ಯಾಂಡ್, ಮಣಿಪುರದಲ್ಲಿ ತಂಗಿ, ಇಲ್ಲಿ ಹೊಟ್ಟೆ ತುಂಬಿಸಿಕೊಂಡು, ಅರಬ್ಬಿ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಆಫ್ರಿಕಾ ಸೇರುತ್ತದೆ. ಅದೇ ಹೊತ್ತಿಗೆ ಸಮುದ್ರ ದಾಟುವ ಏರೋಪ್ಲೇನ್ ಚಿಟ್ಟೆಗಳೇ ಅದಕ್ಕೆ ದಾರಿಯ ಬುತ್ತಿ ಇರಬಹುದು ಅನ್ನುವ ಊಹೆಯೂ ಇದೆ. ಇಂಥ ಹಕ್ಕಿಯನ್ನು ನೋಡಲು ಜನ ಬರುವುದು ಒಳ್ಳೆಯದೇ. ಆದರೆ ಬಂದ ಹತ್ತರಲ್ಲಿ ಎಂಟು ಜನರಿಗೆ ಬೇಕಾದದ್ದು ಫೋಟೋ. ತಂತಿಯ ಮೇಲೆ ಕೂತದ್ದು ಹಾರಲಿ ಅಂತ ಚಪ್ಪಾಳೆ ತಟ್ಟಿದವರನ್ನೂ ನೋಡಿದ್ದೇನೆ. ಅಲ್ಲಿ ಎಷ್ಟು ಚಾಣ ಇದ್ದವು ಅಂತ ಕೇಳಿದರೆ, "ಬಹಳ ಇದ್ದವು" ಅನ್ನುತ್ತಾರೆ. ಬಹಳ ಅನ್ನುವುದು ನಮ್ಮ ಅಜ್ಜಿಯ ಲೆಕ್ಕ.

2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಇದೇ ಚಾಣಗಳನ್ನು ಬಲೆ ಹಾಕಿ ಹತ್ತಾರು ಸಾವಿರ ಕೊಂದ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತ್ತು. ಮರುವರ್ಷವೇ ಅಲ್ಲಿನ ಹಳ್ಳಿಗಳವರು ಬಲೆ ಕೈಬಿಟ್ಟರು. ಆ ನವೆಂಬರಿನಲ್ಲಿ ಮೂರು ಹಕ್ಕಿಗಳಿಗೆ ಉಪಗ್ರಹದ ಟ್ಯಾಗ್ ಕಟ್ಟಿ, ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ಟರು. ಹಕ್ಕಿಗೆ ತಮ್ಮ ಜಿಲ್ಲೆಯ, ತಮ್ಮ ಹಳ್ಳಿಯ ಹೆಸರು! ಕೊಲ್ಲುತ್ತಿದ್ದವರೇ ಈಗ ಅದು ಎಲ್ಲಿಗೆ ತಲುಪಿತು ಅಂತ ಕೇಳುವಂತಾಯಿತು.

ಎಣಿಸಿ ಏನು ಮಾಡ್ತೀರಿ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಗುಡ್ಡ ಇದೆ. ಬೇಟೆಗಾರರು ಸಾಲುಗಟ್ಟಿ ನಿಂತು ಗಿಡುಗಗಳಿಗೆ ಗುಂಡು ಹೊಡೆಯುತ್ತಿದ್ದ ಜಾಗ. 1934ರಲ್ಲಿ ರೋಸಲೀ ಎಡ್ಜ್ ಅನ್ನುವ ಹೆಂಗಸು ಆ ಗುಡ್ಡವನ್ನು ವಶಕ್ಕೆ ತಗೊಂಡು ಬೇಟೆ ನಿಲ್ಲಿಸಿದರು. ಅವರು ಕಾವಲಿಗೆ ಇಟ್ಟ ಮಾರಿಸ್ ಬ್ರೌನ್ ಸುಮ್ಮನೆ ಕಾಯಲಿಲ್ಲ, ಎಣಿಸತೊಡಗಿದರು. 1935ರಿಂದ 39ರವರೆಗೆ ಅಲ್ಲಿ ಹಾದುಹೋದ ಬಿಳಿ ತಲೆಯ ಹದ್ದುಗಳಲ್ಲಿ ನೂರಕ್ಕೆ 40 ಮರಿ ಹಕ್ಕಿಗಳಿದ್ದವು. 1955ರಿಂದ 59ರ ಹೊತ್ತಿಗೆ ನೂರಕ್ಕೆ 20. ದೊಡ್ಡವು ಹಾರುತ್ತಲೇ ಇವೆ, ಮರಿಗಳು ಮಾತ್ರ ಕಮ್ಮಿ. ಡಿಡಿಟಿ ವಿಷ ಮೊಟ್ಟೆಯನ್ನೇ ಕೆಡಿಸುತ್ತಿದೆ ಅನ್ನುವ ವಾದಕ್ಕೆ ಈ ಲೆಕ್ಕವೂ ಸಾಕ್ಷಿಯಾಯಿತು. 1972ರಲ್ಲಿ ಅಲ್ಲಿ ಡಿಡಿಟಿ ನಿಂತಿತು. ಸುಮ್ಮನೆ ನೋಡಿ ಖುಷಿಪಡುವವನಿಗೆ ಇದು ಗೊತ್ತಾಗುತ್ತಿರಲಿಲ್ಲ. ಅವನಿಗೆ ಆಕಾಶದಲ್ಲಿ ಹದ್ದುಗಳು ಕಾಣುತ್ತಲೇ ಇದ್ದವಲ್ಲ!

ಅಷ್ಟು ದೂರ ಯಾಕೆ. ಪುಣೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಸಾತಾರಾ ಸಿಗುತ್ತದೆ. ಅಲ್ಲಿನ ಚಾಳಕೇವಾಡಿ ಪ್ರಸ್ಥಭೂಮಿಯ ತುಂಬಾ ಗಾಳಿಯಂತ್ರಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಬೇಟೆ ಹಕ್ಕಿಗಳನ್ನು ಎಣಿಸಿ 2018ರಲ್ಲಿ ವರದಿ ಮಾಡಿದರು. ಯಂತ್ರ ಇಲ್ಲದ ಕಡೆ ಹಕ್ಕಿಗಳು ಹೆಚ್ಚುಕಮ್ಮಿ ನಾಲ್ಕು ಪಟ್ಟು ಜಾಸ್ತಿ. ಯಂತ್ರ ಇರುವ ಕಡೆ ಓತಿಕ್ಯಾತಗಳು ಜಾಸ್ತಿ, ಅವಕ್ಕೆ ಭಯವೂ ಕಮ್ಮಿ, ಮನುಷ್ಯ ಹತ್ತಿರ ಬಂದರೂ ಬೇಗ ಓಡುವುದಿಲ್ಲ. ತಲೆಯ ಮೇಲೆ ಗಿಡುಗ ಇಲ್ಲ ಅನ್ನುವುದು ಓತಿಕ್ಯಾತಕ್ಕೆ ಗೊತ್ತಾಗಿಬಿಟ್ಟಿದೆ! ನಮ್ಮ ಗದಗಿನ ಗುಡ್ಡಗಳ ಮೇಲೂ ಅಂಥವೇ ಯಂತ್ರ ತಿರುಗುತ್ತಿವೆ. ಗಾಳಿಯ ಕರೆಂಟು ಬೇಡ ಅನ್ನುವವನು ನಾನಲ್ಲ. ಕಂಬ ನೆಡುವ ಮುಂಚೆ ಎರಡು ಚಳಿಗಾಲ ಅಲ್ಲಿ ಯಾರಾದರೂ ಕೂತು ಎಣಿಸಿ ಅನ್ನುತ್ತೇನೆ, ಅಷ್ಟೇ.

ನಮ್ಮ ಕಡೆ ಹುಲ್ಲುಗಾವಲಿಗೆ ಗಾಯರಾಣ ಅನ್ನುತ್ತೇವೆ. ಮರಾಠಿಯಲ್ಲೂ ಹೆಚ್ಚುಕಮ್ಮಿ ಅದೇ ಮಾತು. ಕಾಗದದಲ್ಲಿ ಮಾತ್ರ ಎರಡೂ ರಾಜ್ಯದಲ್ಲಿ ಇಂಥ ಎಷ್ಟೋ ಜಾಗಕ್ಕೆ ಪಾಳು ಭೂಮಿ ಅನ್ನುವ ಹಣೆಪಟ್ಟಿ. ಪಾಳು ಅಂದ ಮೇಲೆ ಮುಗಿಯಿತು, ಗಿಡ ನೆಡಬಹುದು, ಶೆಡ್ಡು ಹಾಕಬಹುದು. ಹುಲ್ಲಲ್ಲಿ ಮಲಗುವ ಸೆಳೆವಕ್ಕೆ ನೀಲಗಿರಿ ತೋಪು ಏನು ಉಪಯೋಗ? ಪುಣೆಯವರು ಇಂಥ ಮಾತು ಬಂದಾಗ ಹಳೆಯ ರಿಜಿಸ್ಟರ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡುತ್ತಾರೆ. ಗೆಲ್ಲುತ್ತಾರೆ ಅಂತಲ್ಲ, ಬಹಳ ಸಲ ಸೋಲುತ್ತಾರೆ. ನಮ್ಮೂರಲ್ಲಿ ಇಡುವುದಕ್ಕೆ ರಿಜಿಸ್ಟರೇ ಇಲ್ಲ. ಬಾಯಿ ಮಾತಿನಲ್ಲಿ "ಮೊದಲು ಬಹಳ ಇದ್ದವು ಸಾಹೇಬ್ರ" ಅನ್ನಬೇಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಗಾಯರಾಣದ ಅಂಚಿನಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತು ಏನು ಮಾಡ್ತೀಯೋ ಅಂದರು. ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎಲ್ಲಿ ಮಲಗುತ್ತವೆ, ಯಾವ ಹುಲ್ಲು ಎತ್ತರ ಇದೆ, ಹೋದ ವರ್ಷ ಎಲ್ಲಿದ್ದವು, ಎಲ್ಲಾ ಅವರಿಗೆ ಗೊತ್ತಿತ್ತು. ಪುಣೆಯ ನಮ್ಮ ಇಡೀ ಗುಂಪಿಗಿಂತ ಜಾಸ್ತಿ ಗೊತ್ತಿತ್ತು. ಎಣಿಸಿದರೆ ಕಡಿಮೆಯಾಗುತ್ತವೆ ಅನ್ನುತ್ತಿದ್ದಳು ನಮ್ಮಜ್ಜಿ ಅಂದೆ. ಅವರು ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು, "ನಿಮ್ಮಜ್ಜಿ ಕುರಿ ಸಾಕಿದ್ಲೇನು?" ಅಂತ ಕೇಳಿದರು. "ದಿನಾ ಎಣಿಸಲಿಲ್ಲಂದ್ರ ತ್ವಾಳ ಒಯ್ದಿದ್ದು ಗೊತ್ತಾಗೂದು ಹೆಂಗ?"

ವಾಪಸ್ ಬರುವಾಗ ನನ್ನ ಹಳೇ ಬೈನಾಕ್ಯುಲರ್ ಮತ್ತು ಒಂದು ಇನ್ನೂರು ಪುಟದ ನೋಟುಬುಕ್ಕು ತಮ್ಮನಿಗೆ ಕೊಟ್ಟು ಬಂದೆ. ವಾರಕ್ಕೊಂದು ಸಂಜೆ, ಅದೇ ಕಲ್ಲು, ಅದೇ ಹೊತ್ತು ಅಂತ ಹೇಳಿದೆ. ಮೊದಲ ಎರಡು ವಾರ ಖುಷಿಯಿಂದ ಫೋನ್ ಮಾಡಿದ. ಆರು, ಆಮೇಲೆ ಒಂಬತ್ತು. ಮೂರನೇ ವಾರ ದನಿ ಸಪ್ಪಗಿತ್ತು.

"ಅಣ್ಣಾ, ಕತ್ತಲಾಗೂ ತನಕ ಕುಂತಿದ್ದೆ. ಒಂದೂ ಬರಲಿಲ್ಲ."

"ಬರಿ ಮತ್ತ."

"ಏನ್ ಬರೀಲಿ? ಒಂದೂ ಬರಲಿಲ್ಲ ಅಂದ್ನೆಲ್ಲ."

"ಅದನ್ನ ಬರಿ. ತಾರೀಖು, ಹೊತ್ತು, ಸೊನ್ನಿ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದಿನಿಂದ ಅವ್ವ ಏನೋ ಕೇಳಿದ್ದು ಕೇಳಿಸಿತು. ತಮ್ಮ ಫೋನಿನಿಂದ ಬಾಯಿ ಆ ಕಡೆ ತಿರುಗಿಸಿ ಹೇಳುತ್ತಿದ್ದ, "ಏನಿಲ್ಲಬೇ, ಇವತ್ತ ಲಾಭ ಆಗಿಲ್ಲ."